ನಿಮಗಿದು ಗೊತ್ತೇ? ಮನೆಗೊಂದು ಬಂದೂಕು, ಬಂದೂಕಿಗೊಂದು ಬೀಗ

ಭತ್ತ ಮಾರಿದ ದುಡ್ಡು ಕೈಸೇರುವ ಹೊತ್ತಿಗೆ ಬಳಗಾನೂರು, ಮಸ್ಕಿ, ಸಿಂಧನೂರು ಕಡೆಯ ಚಹದಂಗಡಿಗಳಲ್ಲಿ ಹಳೆಯ ಮಾತೊಂದು ಮತ್ತೆ ಏಳುತ್ತದೆ. "ಹೊಲದಾಗಿನ ಮನಿ, ರಾತ್ರಿ ಒಬ್ರ ಇರ್ತೀವಿ. ಒಂದು ಬಂದೂಕ್ ತಗೊಂಡ್ರ ಹ್ಯಾಂಗ್ರೀ ಗೌಡ್ರ?" ಅಲ್ಲಿಂದ ಪಿಸ್ತೂಲು ಚಲೋನೋ, ಜೋಡುನಳಿಗೆ ಚಲೋನೋ ಎಂಬ ವಾದ. ಕೊನೆಗೆ ಯಾವುದಾದರೂ ಸಿನಿಮಾದ ಹೆಸರು ಬಂದು ವಾದ ಹಾದಿ ತಪ್ಪುತ್ತದೆ. ಹಾದಿ ತಪ್ಪುವ ಮೊದಲು ತಿಳಿದಿರಬೇಕಾದ ಕೆಲವು ಸಂಗತಿಗಳು ಇಲ್ಲಿವೆ.

ಮನೆ ಕಾಯಲು ಯಾವ ಬಂದೂಕು ಎಂಬುದನ್ನು ಬಹುಪಾಲು ಕಾನೂನೇ ತೀರ್ಮಾನಿಸಿಟ್ಟಿದೆ, ನಿಮಗಿದು ಗೊತ್ತೇ? ಶಸ್ತ್ರಾಸ್ತ್ರ ಕಾಯ್ದೆ 1959ರದು. ಜಾರಿಗೆ ಬಂದದ್ದು 1962ರ ಅಕ್ಟೋಬರ್ 1ರಂದು. ಅದರ 13ನೇ ಕಲಮಿನಲ್ಲಿ ಎರಡು ದಾರಿಗಳಿವೆ. ನಳಿಗೆಯ ಒಳಮೈ ನುಣುಪಾಗಿದ್ದು, ಉದ್ದ 20 ಅಂಗುಲಕ್ಕೆ ಕಡಿಮೆ ಇಲ್ಲದ ಬಂದೂಕನ್ನು ರಕ್ಷಣೆಗೆಂದು ಕೇಳಿದರೆ, ಬೇರೆ ಅಡ್ಡಿ ಇಲ್ಲದಿದ್ದಲ್ಲಿ ಅಧಿಕಾರಿ ಲೈಸೆನ್ಸ್ ಕೊಡಬೇಕು. ಬೆಳೆ ಕಾಯಲು ಬಾಯಿಂದ ಮದ್ದು ತುಂಬುವ ಬಂದೂಕು ಕೇಳಿದವರಿಗೂ ಹಾಗೆಯೇ. ಪಿಸ್ತೂಲು, ರಿವಾಲ್ವರು, ರೈಫಲ್ಲಿಗೆ ಈ ಸಲೀಸು ದಾರಿ ಇಲ್ಲ. ಅವಕ್ಕೆ "ಒಳ್ಳೆಯ ಕಾರಣ" ಇದೆಯೆಂದು ಅಧಿಕಾರಿಗೆ ಮನವರಿಕೆಯಾಗಬೇಕು. ಊರಲ್ಲಿ ನಾಲ್ಕು ಜನ ಹೆದರಲಿ ಎಂಬುದು ಒಳ್ಳೆಯ ಕಾರಣಗಳ ಪಟ್ಟಿಯಲ್ಲಿ ಬರುವುದಿಲ್ಲ.

ಆ ನುಣುಪು ನಳಿಗೆಯ ಬಂದೂಕನ್ನು ನೀವು ದಿನವೂ ನೋಡಿರುತ್ತೀರಿ. ಬ್ಯಾಂಕಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಕುಳಿತ ಗಾರ್ಡಿನ ಮೊಣಕಾಲಿಗೆ ಒರಗಿರುವ 12 ಬೋರ್ ಜೋಡುನಳಿಗೆ ಸಾಮಾನ್ಯವಾಗಿ ಇದೇ.

12 ಬೋರ್ ಎಂದರೆ 12 ಮಿಲಿಮೀಟರ್ ಅಲ್ಲ. ನಳಿಗೆಯ ಬಾಯಿಗೆ ಸರಿಹೋಗುವ ಸೀಸದ ಗುಂಡುಗಳು ಒಂದು ಪೌಂಡಿಗೆ ಎಷ್ಟಾಗುತ್ತವೆಯೋ ಅದು ಆ ಬಂದೂಕಿನ ಬೋರ್. ಹನ್ನೆರಡು ಗುಂಡಿಗೆ ಒಂದು ಪೌಂಡ್ ಆದರೆ 12 ಬೋರ್. ನಳಿಗೆಯ ಬಾಯಿ ಸುಮಾರು 18.5 ಮಿಲಿಮೀಟರ್. ಹದಿನಾರು ಗುಂಡು ಬೇಕಾದರೆ 16 ಬೋರ್, ಬಾಯಿ ಅದಕ್ಕಿಂತ ಸಣ್ಣದು. ಅಂಕಿ ಏರಿದಷ್ಟೂ ನಳಿಗೆ ಕಿರಿದಾಗುವ ಈ ಲೆಕ್ಕ ಹೊಸಬರನ್ನು ಯಾವಾಗಲೂ ಗೊಂದಲಕ್ಕೆ ಬೀಳಿಸುತ್ತದೆ.

ಕಾನೂನನ್ನು ಬದಿಗಿಟ್ಟು ನೋಡಿದರೂ ನಮ್ಮ ಊರುಗಳಿಗೆ ರೈಫಲ್ಲು ಹೊಂದುವ ಆಯುಧವಲ್ಲ. ಅತಿ ಸಣ್ಣದೆನ್ನುವ .22 ಗುಂಡು ಕೂಡ ಗುರಿ ತಪ್ಪಿದರೆ ಒಂದು ಕಿಲೋಮೀಟರಿಗೂ ಆಚೆ ಹೋಗಿ ಗಾಯ ಮಾಡಬಲ್ಲದು. ಗೋಡೆಗೆ ಗೋಡೆ ಅಂಟಿದ ಓಣಿ, ತಗಡಿನ ಶೆಡ್ಡು, ಮಾಳಿಗೆಯ ಮೇಲೆ ಮಲಗುವ ಬೇಸಿಗೆ ರಾತ್ರಿಗಳು. ಕಳ್ಳನಿಗೆ ಹೊಡೆದದ್ದು ಮೂರನೇ ಮನೆಯವರಿಗೆ ತಗುಲಿದರೆ ಉತ್ತರ ಹೇಳಬೇಕಾದವರು ಲೈಸೆನ್ಸ್‌ದಾರರು. ಚರೆ ತುಂಬಿದ ತೋಟಾ ಅಷ್ಟು ದೂರ ಹೋಗುವುದಿಲ್ಲ, ದೂರ ಹೋದಂತೆ ಶಕ್ತಿಯನ್ನೂ ಬೇಗ ಕಳೆದುಕೊಳ್ಳುತ್ತದೆ. ಕೋಣೆಯ ಅಂತರದಲ್ಲಿ ಮಾತ್ರ ಅದು ಗುಂಡಿನಷ್ಟೇ ಕ್ರೂರ; ಮಣ್ಣಿನ ಗೋಡೆಯನ್ನು ತಡೆಯೆಂದು ನಂಬುವ ಹಾಗಿಲ್ಲ.

ನಳಿಗೆ ಉದ್ದವಾಯಿತು, ಬಾಗಿಲಿಗೆ ಬಡಿಯುತ್ತದೆ ಎಂದು ಗರಗಸ ಹಿಡಿಯುವ ಜಾಣರಿದ್ದಾರೆ. ಬಂದೂಕಿನ ನಳಿಗೆಯನ್ನು ಮೋಟು ಮಾಡುವುದಕ್ಕೂ ಬೇರೆ ಲೈಸೆನ್ಸ್ ಬೇಕು. 6ನೇ ಕಲಮು ಇರುವುದೇ ಅದಕ್ಕೆ.

9 ಎಂ.ಎಂ. ಪಿಸ್ತೂಲು ಬೇಕೆನ್ನುವವರಿಗೆ: ಅದು ನಿಷೇಧಿತ ಬೋರ್. ಪೊಲೀಸರೂ ಸೈನ್ಯದವರೂ ಬಳಸುವ ಅಳತೆಯ ಗುಂಡು ಸಾಮಾನ್ಯರ ಕೈಗೆ ಹೋಗಬಾರದೆಂಬುದು ಬ್ರಿಟಿಷರ ಕಾಲದಿಂದ ನಡೆದುಬಂದ ಎಚ್ಚರಿಕೆ. ಹಾಗಾಗಿಯೇ ನಮ್ಮ ದೇಶದ ಲೈಸೆನ್ಸ್ ರಿವಾಲ್ವರುಗಳಲ್ಲಿ .32 ಅಷ್ಟೊಂದು ಕಾಣುತ್ತದೆ. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ದೆಹಲಿಯ ನಿರ್ಭಯಾ ನೆನಪಿನಲ್ಲಿ "ನಿರ್ಭೀಕ್" ಎಂಬ ಹೆಸರಿನ, ಸುಮಾರು ಅರ್ಧ ಕಿಲೋ ತೂಕದ ರಿವಾಲ್ವರನ್ನು ಹೆಣ್ಣುಮಕ್ಕಳಿಗೆಂದು ತಂದಿತು. ಅದೂ .32. ಆಗಿನ ಬೆಲೆ ಸುಮಾರು 1.22 ಲಕ್ಷ ರೂಪಾಯಿ. ಬಸ್ಸಿನಲ್ಲಿ ಓಡಾಡುವ ಹೆಣ್ಣುಮಗಳು ಅಷ್ಟು ದುಡ್ಡು ಎಲ್ಲಿಂದ ತಂದಾಳು ಎಂದು ಆಗಲೇ ಹಲವರು ಕೇಳಿದ್ದರು. ಕೇಳಿದ್ದು ಸರಿಯಾಗಿಯೇ ಇತ್ತು.

ಲಾಠಿಯನ್ನೂ ಊರುಗೋಲನ್ನೂ ನಮ್ಮ ಕಾಯ್ದೆ ಹೆಸರಿಟ್ಟು ಹೊರಗಿಟ್ಟಿದೆ. "ಆಯುಧ" ಎಂಬುದಕ್ಕೆ ಅರ್ಥ ಬರೆಯುವಾಗಲೇ, ಮನೆಗೆಲಸ ಹೊಲಗೆಲಸದ ಸಾಮಾನು ಇದರಲ್ಲಿ ಸೇರುವುದಿಲ್ಲ ಎಂದು ಹೇಳಿ ಲಾಠಿಯನ್ನೂ ಸಾಮಾನ್ಯ ಊರುಗೋಲನ್ನೂ ಉದಾಹರಣೆ ಕೊಟ್ಟಿದ್ದಾರೆ. ಕುಡುಗೋಲು, ಕೊಡಲಿಗೆ ಲೈಸೆನ್ಸ್ ಕೇಳುವವರಿಲ್ಲ. ಆದರೆ ಒಂಬತ್ತು ಅಂಗುಲ ಮೀರಿದ ಅಲಗಿನ ತಲವಾರು, ಬಾಕು, ಭರ್ಚಿಗಳಿಗೆ ನಿಯಮಗಳಲ್ಲಿ ಬೇರೆಯೇ ವರ್ಗ ಉಂಟು.

ರಾಯಚೂರು ಸೀಮೆಗೆ ಬಂದೂಕು ಬಂದದ್ದು ನಿನ್ನೆ ಮೊನ್ನೆಯಲ್ಲ. 1520ರ ಮೇ ತಿಂಗಳಲ್ಲಿ ಕೃಷ್ಣದೇವರಾಯ ರಾಯಚೂರಿನ ಕೋಟೆಗೆ ಮುತ್ತಿಗೆ ಹಾಕಿದ್ದಾಗ, ಕುದುರೆ ಮಾರಲು ಬಂದಿದ್ದ ಪೋರ್ಚುಗೀಸ್ ಕ್ರಿಸ್ಟೋವಾವ್ ಡಿ ಫಿಗೆರೆಡೊ ತನ್ನ 20 ಬಂದೂಕುಗಾರರೊಂದಿಗೆ ಸೇರಿಕೊಂಡ. ಕೋಟೆಯ ಮೇಲಿನವರು ತಲೆ ಹೊರಗಿಟ್ಟರೆ ಗುಂಡು. ಅವರು ತಲೆ ಒಳಗೆಳೆದುಕೊಂಡ ಹೊತ್ತಿನಲ್ಲಿ ರಾಯನ ಆಳುಗಳು ಗೋಡೆಯ ಕಲ್ಲು ಕಿತ್ತರು. ಇದನ್ನು ಬರೆದಿಟ್ಟವನು ಪ್ರವಾಸಿ ನೂನಿಜ್. ಅಂದಿಗೆ ಅದು ಕೋಟೆ ಒಡೆಯುವ ಸಾಧನ; ಮನೆ ಕಾಯುವ ಸಾಧನವೆಂದು ಯಾರೂ ಅಂದುಕೊಂಡಿರಲಿಕ್ಕಿಲ್ಲ.

ಬಂದೂಕಿಗೆ ಲೈಸೆನ್ಸ್ ಎಂಬುದರ ಮೊದಲ ರುಚಿಯನ್ನು ಕನ್ನಡನಾಡು ಉಂಡದ್ದು ರಕ್ತದಲ್ಲಿ. 1857ರ ದಂಗೆಯ ಬೆನ್ನಿಗೇ ಬ್ರಿಟಿಷರು ಆಯುಧಗಳನ್ನು ನೋಂದಾಯಿಸಬೇಕು, ಇಲ್ಲವೇ ಒಪ್ಪಿಸಬೇಕು ಎಂಬ ಕಾನೂನು ತಂದರು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆಯೇ ಬದುಕಾದವರ ಕೈಯಿಂದ ಬಂದೂಕು ಕಸಿದರೆ ಉಳಿಯುವುದೇನು? ನವೆಂಬರ್ ಕೊನೆಯಲ್ಲಿ ಸೈನ್ಯ ಊರಿಗೆ ನುಗ್ಗಿ ಮನೆಗಳಿಗೆ ಬೆಂಕಿ ಇಟ್ಟಿತು. ಡಿಸೆಂಬರ್‌ನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಸೆರೆಸಿಕ್ಕವರನ್ನು ಗಲ್ಲಿಗೆ ಹಾಕಿದರು. ಆ ಕಥೆಯ ಲಾವಣಿಯನ್ನು ಸಂಗ್ರಹಿಸಿ ಉಳಿಸಿದವನು, ವಿಚಿತ್ರವೆಂದರೆ, ಬ್ರಿಟಿಷ್ ಅಧಿಕಾರಿಯೇ: ಶಾಸನತಜ್ಞ ಜೆ.ಎಫ್. ಫ್ಲೀಟ್.

ನಮ್ಮ ಪಕ್ಕದ ಸುರಪುರಕ್ಕೆ ಅದೇ ಹೊತ್ತಿನ ಇನ್ನೊಂದು ಕಥೆ ಇದೆ. ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಸೆರೆಯಾದ. ಸೆರೆವಾಸಕ್ಕೆ ಒಯ್ಯುವ ದಾರಿಯಲ್ಲಿ, ಕಾವಲಿನ ಅಧಿಕಾರಿ ಬಿಚ್ಚಿಟ್ಟಿದ್ದ ರಿವಾಲ್ವರಿನಿಂದ ರಾಜ ಗುಂಡು ಹಾರಿಸಿಕೊಂಡು ಸತ್ತನೆಂದು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಬಿಚ್ಚಿಟ್ಟ ಬಂದೂಕಿಗೆ ಒಡೆಯ ಯಾರೂ ಇಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಈಗ ಕೊಡಗಿಗೆ ಬನ್ನಿ. 1861ರಲ್ಲಿ, ಮಾರ್ಕ್ ಕಬ್ಬನ್ ಮುಖ್ಯ ಆಯುಕ್ತನಾಗಿದ್ದಾಗ, ಕೊಡವರಿಗೆ ಆಯುಧ ಕಾನೂನಿನಿಂದ ವಿನಾಯಿತಿ ಸಿಕ್ಕಿತು. ಸ್ವತಂತ್ರ ಭಾರತವೂ ಅದನ್ನು ಮುಂದುವರಿಸಿತು. ಕೊಡವ ಜನಾಂಗದವರಿಗೂ ಜಮ್ಮಾ (ವಂಶಪಾರಂಪರ್ಯದ) ಭೂಮಿ ಹಿಡುವಳಿದಾರರಿಗೂ ಲೈಸೆನ್ಸ್ ಬೇಡ. ಜಿಲ್ಲಾಡಳಿತದ ವಿನಾಯಿತಿ ಪತ್ರ ಸಾಕು. 2019ರಲ್ಲಿ ಕೇಂದ್ರ ಗೃಹ ಇಲಾಖೆ ಇದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. ಒಂದು ಜನಾಂಗಕ್ಕೆ ಮಾತ್ರ ಏಕೆ ಎಂದು ಕೇಳಿ ಹೂಡಿದ ದಾವೆಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡುವ, ಪುತ್ತರಿಯಲ್ಲಿ ಕದಿರು ಕೊಯ್ಯುವ ಮುನ್ನ ಗುಂಡು ಹಾರಿಸುವ, ಮನೆಯಲ್ಲಿ ಸಾವಾದರೆ ಗುಂಡಿನ ಸದ್ದಿನಿಂದಲೇ ಊರಿಗೆ ತಿಳಿಸುವ ನಾಡು ಅದು. ಅಲ್ಲಿ ಇದೆ, ನಮಗೇಕಿಲ್ಲ ಎಂದು ಬಳಗಾನೂರಿನವರು ಕೇಳಿದರೆ ಕೋರ್ಟಿನ ಉತ್ತರ ಸಿದ್ಧವಿದೆ: ಅದು ಒಂದು ಸಮುದಾಯದ ಬದುಕಿಗೆ ಅಂಟಿದ ಹಳೆಯ ರೂಢಿ, ಹೊಸದಾಗಿ ಕೇಳಿ ಪಡೆಯುವ ಸವಲತ್ತಲ್ಲ.

ಆಯುಧ ಹಿಡಿಯುವುದು ಮೂಲಭೂತ ಹಕ್ಕಾಗಬೇಕು ಎಂದು ಸಂವಿಧಾನ ಸಭೆಯಲ್ಲಿ ಹೋರಾಡಿದವರು ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತ್. 1931ರ ಕರಾಚಿ ಕಾಂಗ್ರೆಸ್ ನಿರ್ಣಯದಲ್ಲೇ ಆ ಹಕ್ಕಿನ ಮಾತಿತ್ತು ಎಂಬುದು ಅವರ ಬಲ. 1948ರ ಡಿಸೆಂಬರ್‌ನಲ್ಲಿ ಅವರು ತಿದ್ದುಪಡಿ ತಂದಾಗ ಅಂಬೇಡ್ಕರ್ ಒಪ್ಪಲಿಲ್ಲ. ಹೀಗೆ ಬರೆದರೆ ರೂಢಿಗತ ಅಪರಾಧಿಯೂ ಬಂದೂಕು ತನ್ನ ಹಕ್ಕೆಂದು ಕೇಳಬಹುದು ಎಂದರು. ತಿದ್ದುಪಡಿ ಬಿದ್ದುಹೋಯಿತು. ಅಮೆರಿಕದಂತೆ ಇಲ್ಲಿ ಅದು ಮೂಲಭೂತ ಹಕ್ಕಲ್ಲ ಎಂಬ ಮಾತನ್ನು 2023ರಲ್ಲಿ ಸುಪ್ರೀಂ ಕೋರ್ಟಿನ ಪೀಠವೊಂದು ಮತ್ತೆ ಹೇಳಿತು. ಆ ಪೀಠದಲ್ಲಿ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ದರು.

ಹಕ್ಕಲ್ಲ, ಹಾಗಾದರೆ ದಾರಿ ಯಾವುದು? ರಾಯಚೂರು ಜಿಲ್ಲೆಯವರಿಗೆ ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿ. ಬೆಂಗಳೂರು, ಕಲಬುರಗಿಯಂಥ ನಗರಗಳಲ್ಲಿ ಪೊಲೀಸ್ ಕಮಿಷನರ್. ವಯಸ್ಸು 21 ತುಂಬಿರಬೇಕು. ಅರ್ಜಿ ಹಾಕಿದ ಮೇಲೆ ಹತ್ತಿರದ ಪೊಲೀಸ್ ಠಾಣೆಯಿಂದ ವರದಿ ಹೋಗುತ್ತದೆ: ಕೇಸುಗಳಿವೆಯೇ, ಓಣಿಯಲ್ಲಿ ಜಗಳವಿದೆಯೇ, ಕುಡಿತವಿದೆಯೇ. 2016ರ ನಿಯಮಗಳ ಪ್ರಕಾರ ವೈದ್ಯರ ಪ್ರಮಾಣಪತ್ರ, ಬಂದೂಕು ಬಳಕೆಯ ಸುರಕ್ಷತಾ ತರಬೇತಿ, ಮನೆಯಲ್ಲಿ ಭದ್ರವಾಗಿ ಇಡುತ್ತೇನೆಂಬ ಮುಚ್ಚಳಿಕೆ ಎಲ್ಲವೂ ಬೇಕು. ಜಿಲ್ಲಾ ಸಶಸ್ತ್ರ ಮೀಸಲು ಪಡೆಯವರು ಹಲವು ಜಿಲ್ಲೆಗಳಲ್ಲಿ ಆಗಾಗ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ. ಬಂದೂಕು ಕೊಳ್ಳುವ ಆಸೆ ಇರುವವರು ಮೊದಲು ಅಲ್ಲಿ ಹೋಗಿ ಒಮ್ಮೆ ಹೆಗಲಿಗೆ ಅದರ ಒದೆತ ತಿಂದು ಬರಲಿ. ಎಷ್ಟೋ ಆಸೆ ಅಲ್ಲಿಗೇ ಇಳಿಯುತ್ತದೆ.

ಆಸ್ತಿ ಕಡಿಮೆ ಎಂಬ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸುವಂತಿಲ್ಲ. ಇದೂ ಕಾಯ್ದೆಯಲ್ಲೇ ಇದೆ, 14ನೇ ಕಲಮು. ಜಮೀನ್ದಾರರಿಗೆ ಮಾತ್ರ ಬಂದೂಕು ಎಂದು ನಂಬಿದ ನಮ್ಮ ಕಡೆಯವರಿಗೆ ಇದು ಸುದ್ದಿ. ನಿರಾಕರಿಸಿದರೆ ಮೇಲ್ಮನವಿಗೆ 18ನೇ ಕಲಮು.

2019ರ ತಿದ್ದುಪಡಿಯ ಮೇಲೆ ಒಬ್ಬರಿಗೆ ಹೆಚ್ಚೆಂದರೆ ಎರಡು ಬಂದೂಕು. ಅದಕ್ಕೆ ಮೊದಲು ಮೂರು ಇಟ್ಟುಕೊಳ್ಳಬಹುದಿತ್ತು. ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು. ಮದುವೆ, ಜಾತ್ರೆ, ಮೆರವಣಿಗೆಯಲ್ಲಿ ಖುಷಿಗೆಂದು ಗಾಳಿಯಲ್ಲಿ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಗರ್ನಾಲು ಸಾಕು.

ಲೈಸೆನ್ಸ್ ಪುಸ್ತಕದಲ್ಲಿ "ಕರ್ನಾಟಕ" ಎಂದಷ್ಟೇ ಬರೆದಿದ್ದರೆ ತುಂಗಭದ್ರೆ ದಾಟಿ ಮಂತ್ರಾಲಯಕ್ಕೂ ಬಂದೂಕು ಒಯ್ಯುವಂತಿಲ್ಲ. ಅದು ಆಂಧ್ರ.

ಚುನಾವಣೆ ಘೋಷಣೆಯಾದರೆ ಬಂದೂಕು ಠಾಣೆಗೆ ಠೇವಣಿ. ದಕ್ಷಿಣ ಕನ್ನಡ, ಕೊಡಗಿನ ತೋಟದವರು ಪ್ರತಿ ಸಲವೂ ತಗಾದೆ ತೆಗೆಯುತ್ತಾರೆ: ಮಂಗ, ಹಂದಿಗಳಿಗೆ ನೀತಿಸಂಹಿತೆ ಇಲ್ಲವಲ್ಲ! ಯಾರದನ್ನು ಇಡಿಸಬೇಕು, ಯಾರಿಗೆ ಬಿಡಬೇಕು ಎಂದು ನೋಡಲು ಜಿಲ್ಲೆಗೊಂದು ಸ್ಕ್ರೀನಿಂಗ್ ಸಮಿತಿ ಇರುತ್ತದೆ. ಮನೆ ಕಾಯಲೆಂದು ಕೊಂಡ ಬಂದೂಕು ಊರಲ್ಲಿ ಕಾವು ಏರಿರುವ ಹೊತ್ತಿನಲ್ಲೇ ಮನೆಯಲ್ಲಿರುವುದಿಲ್ಲ ಎಂಬುದನ್ನು ಕೊಳ್ಳುವವರು ಮೊದಲೇ ಲೆಕ್ಕ ಹಾಕಿರಬೇಕು.

ಬೆಳೆ ಕಾಯುವ ಲೈಸೆನ್ಸ್ ಇದೆ ಎಂದು ಪ್ರಾಣಿಗೆ ಗುಂಡು ಹೊಡೆಯುವಂತಿಲ್ಲ. ಹೊಲಕ್ಕೆ ಹಿಂಡು ಹಿಂಡಾಗಿ ಇಳಿಯುವ ಚಿಗರಿ, ಅಂದರೆ ಕೃಷ್ಣಮೃಗ, ವನ್ಯಜೀವಿ ಕಾಯ್ದೆಯ ಮೊದಲನೇ ಪರಿಚ್ಛೇದದಲ್ಲಿದೆ. ಕೊಂದರೆ ಮೂರರಿಂದ ಏಳು ವರ್ಷ. ಶಬ್ದ ಮಾಡಿ ಓಡಿಸಿ.

ಪರವಾನಗಿ ಬೇಡದ ಏರ್‌ಗನ್ ಉಂಟು: ಬಾಯಿ .177 ಮೀರಬಾರದು, ಬಲ 20 ಜೌಲ್ ಮೀರಬಾರದು. ಗುರಿ ಕಲಿಯಲು ಅಡ್ಡಿಯಿಲ್ಲ. ಕಳ್ಳನ ಮುಂದೆ ಹಿಡಿದರೆ ಅವನಿಗೆ ಸಿಟ್ಟು ಬರಬಹುದು, ಅಷ್ಟೇ.

ಹಾಗಾದರೆ ಪೆಪ್ಪರ್ ಸ್ಪ್ರೇ? ಅದಕ್ಕೆ ಲೈಸೆನ್ಸ್ ಇಲ್ಲ. ಆದರೆ 2024ರಲ್ಲಿ ಅಂಗಡಿಯೊಂದರ ಜಗಳದಲ್ಲಿ ಅದನ್ನು ಎರಚಿದ್ದವರ ಮೇಲಿನ ಕೇಸನ್ನು ರದ್ದು ಮಾಡಲು ಕರ್ನಾಟಕ ಹೈಕೋರ್ಟ್ ಒಪ್ಪಲಿಲ್ಲ. ಅದೂ ಅಪಾಯಕಾರಿ ಆಯುಧವೇ, ಜೀವಕ್ಕೆ ತಕ್ಷಣದ ಬೆದರಿಕೆ ಇಲ್ಲದ ಕಡೆ ಆತ್ಮರಕ್ಷಣೆ ಎನ್ನಲಾಗದು ಎಂದಿತು.

ಕಳ್ಳ ಕಂಡರೆ ಗುಂಡು ಹೊಡೆಯಬಹುದೇ? ಚಹದಂಗಡಿಯ ನಿಜವಾದ ಪ್ರಶ್ನೆ ಇದು. ಬಂದೂಕಿನ ಆಯ್ಕೆಗಿಂತ ಇದಕ್ಕೇ ಹೆಚ್ಚು ಹೊತ್ತು ಕೊಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಈ ಹಕ್ಕನ್ನು ಹೇಳುತ್ತವೆ. ದರೋಡೆ ನಡೆಯುತ್ತಿದ್ದರೆ, ಸೂರ್ಯ ಮುಳುಗಿದ ಮೇಲೆ ಹುಟ್ಟುವ ಮೊದಲು ಕನ್ನ ಹಾಕಿ ಮನೆಗೆ ನುಗ್ಗಿದರೆ, ಜನವಾಸದ ಮನೆಗೆ ಬೆಂಕಿ ಇಡುತ್ತಿದ್ದರೆ, ಇಲ್ಲವೇ ತಡೆಯದಿದ್ದರೆ ಜೀವ ಹೋಗುತ್ತದೆ, ಭಾರಿ ಗಾಯವಾಗುತ್ತದೆ ಎಂಬ ನ್ಯಾಯವಾದ ಭಯ ಹುಟ್ಟಿದ್ದರೆ, ಆಸ್ತಿಯ ರಕ್ಷಣೆಯಲ್ಲಿ ಎದುರಾಳಿಯ ಪ್ರಾಣ ಹೋದರೂ ಕಾನೂನು ಕ್ಷಮಿಸಬಹುದು. ಕಾಲುವೆ ದಂಡೆಯ ಪಂಪ್‌ಸೆಟ್ಟಿನ ಕೇಬಲ್ ಕತ್ತರಿಸುವವನು, ಹಗಲು ಕಣದಿಂದ ಚೀಲ ಹೊತ್ತೊಯ್ಯುವವನು ಈ ಪಟ್ಟಿಯಲ್ಲಿ ಬರುವುದಿಲ್ಲ. ಅವರನ್ನು ಹಿಡಿಯಿರಿ, ತಡೆಯಿರಿ. ಕೊಂದರೆ ನೀವೇ ಆರೋಪಿ. ಪೊಲೀಸರನ್ನು ಕರೆಯಲು ಸಮಯವಿದ್ದೂ ಕರೆಯದಿದ್ದರೆ ಈ ಹಕ್ಕೇ ಇಲ್ಲ. ಬೇಕಾದ್ದಕ್ಕಿಂತ ಹೆಚ್ಚು ಪೆಟ್ಟು ಹಾಕುವ ಹಕ್ಕಂತೂ ಯಾವಾಗಲೂ ಇಲ್ಲ. ಓಡುತ್ತಿರುವವನ ಬೆನ್ನಿಗೆ ಬಿದ್ದ ಗುಂಡಿಗೆ ವಕೀಲರು ಉತ್ತರ ಹುಡುಕುವುದು ಬಹಳ ಕಷ್ಟ.

ಸಂಶೋಧಕ ಎಂ.ಎಂ. ಕಲಬುರ್ಗಿ 2015ರ ಆಗಸ್ಟ್ 30ರಂದು ಧಾರವಾಡದಲ್ಲಿ, ಪತ್ರಕರ್ತೆ ಗೌರಿ ಲಂಕೇಶ್ 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗುಂಡಿಗೆ ಬಲಿಯಾದದ್ದು ತಮ್ಮ ತಮ್ಮ ಮನೆ ಬಾಗಿಲಲ್ಲೇ. ಎರಡಕ್ಕೂ ಬಳಸಿದ್ದು 7.65 ಎಂ.ಎಂ. ನಾಡಪಿಸ್ತೂಲು, ಎರಡೂ ಕಡೆ ಒಂದೇ ಪಿಸ್ತೂಲು ಎಂಬುದು ವಿಧಿವಿಜ್ಞಾನ ತಜ್ಞರ ವರದಿ. ಬೀರುವಿನಲ್ಲಿ ಲೈಸೆನ್ಸಿನ ಬಂದೂಕಿದ್ದಿದ್ದರೆ ಆ ಕೆಲವೇ ಕ್ಷಣಗಳಲ್ಲಿ ಏನಾದರೂ ಬದಲಾಗುತ್ತಿತ್ತೇ? ನನಗಂತೂ ಹಾಗನ್ನಿಸುವುದಿಲ್ಲ. ಕಾನೂನು ಕಾಡುವುದು ಅರ್ಜಿ ಹಾಕಿದವನನ್ನು, ನಾಡಪಿಸ್ತೂಲಿನವನು ಅರ್ಜಿಯನ್ನೇ ಹಾಕುವುದಿಲ್ಲ ಎಂಬ ದೂರು ನಿಜ. ಅದಕ್ಕೇ 2019ರಲ್ಲಿ ಅಕ್ರಮವಾಗಿ ಬಂದೂಕು ತಯಾರಿಸಿ ಮಾರುವವರಿಗೆ ಏಳು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ಏರಿಸಿದ್ದು.

ಆಸ್ಟ್ರೇಲಿಯಾದಲ್ಲಿ 1996ರಿಂದ ಈಚೆಗೆ "ಆತ್ಮರಕ್ಷಣೆಗೆ" ಎಂದು ಬರೆದರೆ ಲೈಸೆನ್ಸೇ ಸಿಗುವುದಿಲ್ಲ. ಜಪಾನಿನಲ್ಲಿ ಸಾಮಾನ್ಯರಿಗೆ ಪಿಸ್ತೂಲು ಪೂರ್ತಿ ನಿಷೇಧ. ಅಲ್ಲಿಯೂ 2022ರ ಜುಲೈ 8ರಂದು ಮಾಜಿ ಪ್ರಧಾನಿ ಶಿಂಜೊ ಅಬೆಯನ್ನು ಮನೆಯಲ್ಲೇ ಮಾಡಿದ ಬಂದೂಕಿನಿಂದ ಕೊಂದರು. ಅಮೆರಿಕದಲ್ಲಿ ತದ್ವಿರುದ್ಧ: 2017ರ ಅಂದಾಜಿನಂತೆ ನೂರು ಜನಕ್ಕೆ ನೂರಿಪ್ಪತ್ತು ಬಂದೂಕು. ಅಲ್ಲಿನದೇ 1993ರ ಹೆಸರಾಂತ ವೈದ್ಯಕೀಯ ಅಧ್ಯಯನವೊಂದು, ಬಂದೂಕಿರುವ ಮನೆಯಲ್ಲಿ ಕೊಲೆಯ ಅಪಾಯ ಇಲ್ಲದ ಮನೆಗಿಂತ ಸುಮಾರು 2.7 ಪಟ್ಟು ಹೆಚ್ಚೆಂದು ಕಂಡಿತು. ಕೊಂದವರಲ್ಲಿ ಹೆಚ್ಚಿನವರು ಮನೆಯವರು ಇಲ್ಲವೇ ಪರಿಚಿತರು.

ಲೈಸೆನ್ಸ್ ಕೇಳದ ಒಂದು ಕಾವಲು ಮುಧೋಳದಿಂದಲೇ ಬರುತ್ತದೆ. ಮುಧೋಳ ನಾಯಿಯ ಅಂಚೆಚೀಟಿ 2005ರಲ್ಲಿ ಬಂತು. ಸೈನ್ಯವೂ ಅದನ್ನು ತರಬೇತಿಗೆ ತೆಗೆದುಕೊಂಡಿತು. ಅದು ಮೂಲತಃ ಓಡಿ ಬೇಟೆ ಹಿಡಿಯುವ ನಾಯಿ. ಬರೀ ಬೊಗಳುವುದಕ್ಕಾದರೆ ಓಣಿಯ ಕಂತ್ರಿ ನಾಯಿಯೇ ಮೇಲು: ಎರಡು ರೊಟ್ಟಿಗೆ ರಾತ್ರಿಯಿಡೀ ಪಾಳಿ. ಅದರ ಜೊತೆಗೆ ಅಂಗಳದಲ್ಲಿ ಒಂದು ದೀಪ, ಬಾಗಿಲಿಗೆ ಅಗುಳಿ, ಫೋನಿನಲ್ಲಿ 112. ನನ್ನ ಲೆಕ್ಕದಲ್ಲಿ ಹೊಲದ ಮನೆಗೆ ಮೊದಲು ಬೇಕಾದ್ದು ಇವು, ಬಂದೂಕು ಆಮೇಲೆ. ಅದೂ ಬೇಕೇ ಬೇಕೆಂದರೆ 12 ಬೋರ್, ಬೀಗವಿರುವ ಬೀರುವಿನಲ್ಲಿ, ತೋಟಾ ಬೇರೆ ಕಡೆ.

ಕೊನೆಯದಾಗಿ, ಅಟ್ಟದ ಮೇಲಿರುವ ಅಜ್ಜನ ಬಂದೂಕು. ಅಜ್ಜ ತೀರಿಕೊಂಡ ದಿನವೇ ಅವರ ಹೆಸರಿನ ಲೈಸೆನ್ಸ್ ಮುಗಿಯಿತು. ತುಕ್ಕು ಹಿಡಿದದ್ದು, ಹಾರುವುದಿಲ್ಲ, ನೆನಪಿಗೆ ಇಟ್ಟಿದ್ದೇವೆ ಎಂಬ ಮಾತು ಕೋರ್ಟಿನಲ್ಲಿ ಎಷ್ಟು ನಿಲ್ಲುತ್ತದೋ ಹೇಳಲಾಗದು. ಲೈಸೆನ್ಸಿಲ್ಲದೆ ಇಟ್ಟುಕೊಂಡದ್ದಕ್ಕೆ ಈಗ ಎರಡರಿಂದ ಐದು ವರ್ಷ ಶಿಕ್ಷೆ. ಆದರೆ ದಾರಿ ಸುಲಭ: 21ನೇ ಕಲಮಿನಂತೆ ತಡಮಾಡದೆ ಹತ್ತಿರದ ಠಾಣೆಗೋ, ಲೈಸೆನ್ಸ್ ಇರುವ ಬಂದೂಕಿನ ಅಂಗಡಿಗೋ ಒಪ್ಪಿಸಿ ರಸೀದಿ ಪಡೆಯಿರಿ. ವಾರಸುದಾರರಿಗೆ ಲೈಸೆನ್ಸ್ ಕೊಡಲು ನಿಯಮಗಳಲ್ಲೇ ಅವಕಾಶವಿದೆ. ಅಜ್ಜ ಇನ್ನೂ ಬದುಕಿದ್ದು 70 ದಾಟಿದ್ದರೆ, ಇಲ್ಲವೇ 25 ವರ್ಷದಿಂದ ಆ ಬಂದೂಕು ಹೊಂದಿದ್ದರೆ, ಈಗಲೇ ಅವರ ಕೈಯಿಂದ ನಿಮ್ಮ ಹೆಸರಿಗೆ ಬರೆಸಿಕೊಳ್ಳಲು ಅರ್ಜಿ ಹಾಕಬಹುದು. ಬಳಗಾನೂರಿನವರು ಊರಿನ ಠಾಣೆಯಲ್ಲೇ ವಿಚಾರಿಸಿ.